ಪೆಟ್ಟಿಗೆಯ ಮೇಲಿನ ಮುಖ

ಹಿಂದಿನ ಸಲ ವಿಮಾನ ಇಳಿದಾಗ ಸ್ಟುಡಿಯೋದವರು ಮನೆಗೆ ತಂದದ್ದು ಒಂದು ಸೂಟ್‌ಕೇಸು ತುಂಬ ಹಲ್ಲು.

ತಪ್ಪು ತಮ್ಮದಲ್ಲ ಎಂದು ಅವರು ಇಂದಿಗೂ ವಾದಿಸುತ್ತಾರೆ. ಬೆಲ್ಟಿನ ಮೇಲೆ ಬರುತ್ತಿದ್ದ ಪೆಟ್ಟಿಗೆಗಳೆಲ್ಲ ಕಪ್ಪು, ಎಲ್ಲಕ್ಕೂ ಚಕ್ರ, ಎಲ್ಲಕ್ಕೂ ಒಂದೇ ಥರದ ಹಿಡಿ. ತಮ್ಮದೆಂದು ತೋರಿದ್ದನ್ನು ಎಳೆದುಕೊಂಡು ಬಂದರು. ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದರೆ ಒಳಗಿನಿಂದ ಸಾಲು ಸಾಲು ದವಡೆಗಳು ಅವಳನ್ನು ನೋಡಿ ನಕ್ಕವು. ಯಾರೋ ದಂತವೈದ್ಯರ ಮಾದರಿಗಳು. ಹೆಂಡತಿ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಂದರು. ಪಕ್ಕದ ಮನೆಯವರು ಕಿರುಚಿದ್ದಕ್ಕೆ ಎದುರು ಮನೆಯವರು ಬಂದರು. ಹಲ್ಲುಗಳು ಕೊನೆಗೆ ಸೇರಬೇಕಾದಲ್ಲಿಗೆ ಸೇರಿದವು. ಹೆಸರು ಮಾತ್ರ ಇಲ್ಲೇ ಉಳಿಯಿತು. ಭಾಮೈದ ಅಂದಿನಿಂದ ಅವರನ್ನು ‘ಹಲ್ಲು ಭಾವ’ ಎಂದು ಕರೆಯತೊಡಗಿದ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದ. ಬರಬರುತ್ತಾ ಊಟಕ್ಕೆ ಕೂತಾಗಲೂ “ಹಲ್ಲು ಭಾವ, ಉಪ್ಪು ಈ ಕಡೆ ಕೊಡಿ” ಎನ್ನುವಷ್ಟು ಸಲಿಗೆ ಬೆಳೆಯಿತು.

ಸ್ಟುಡಿಯೋದವರು ಎಂದರೆ ಬೀದಿ ಮೂಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಮದುವೆ, ಮೆರವಣಿಗೆಗಳ ಉಸಾಬರಿಗೆ ಹೋದವರಲ್ಲ. ಅವರದು ಪಾಸ್‌ಪೋರ್ಟ್ ಅಳತೆಯ ಫೋಟೋ. ಆ ಕಸುಬಿಗೆ ಅವರದೇ ಕಟ್ಟುನಿಟ್ಟು ಇತ್ತು. ನೇರ ನೋಡಬೇಕು, ಎರಡು ಕಿವಿಯೂ ಕಾಣಬೇಕು, ನಗಬಾರದು. ನಕ್ಕ ಗಿರಾಕಿಯನ್ನು ಅವರು ಹೊರಗಿನ ಬೆಂಚಿಗೆ ಕಳಿಸುತ್ತಿದ್ದರು. ನಗು ಇಳಿದ ಮೇಲೆ ಒಳಗೆ ಬರಬಹುದಿತ್ತು.

ಇಂಥವರ ಮಗಳಿಗೆ ದೂರದ ಊರಿನ ಸಂಬಂಧ ಕೂಡಿಬಂತು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ ತರಬೇತಿಗೆಂದು ಆ ಊರಿಗೆ ಹೋಗಿದ್ದಳು. ಅಲ್ಲಿ ಅದೇ ಕೆಲಸದ ಹುಡುಗನನ್ನು ಮೆಚ್ಚಿ ಬಂದಳು. ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರು. ಅವರು ನಕ್ಕದ್ದನ್ನು ಕಂಡ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ ಎಂಬ ಖ್ಯಾತಿ ಇತ್ತು. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು ಅವರ ಪ್ರಕಾರ ಅಶಿಸ್ತು. ಹಾಗಾಗಿ ಬೀಗರಾಗುವವರು ಪರಸ್ಪರ ಭಾವಚಿತ್ರ ಕಳಿಸಿಕೊಂಡಿದ್ದರು. ಸ್ಟುಡಿಯೋದವರು ಕಳಿಸಿದ್ದು, ಹೇಳಬೇಕಾಗಿಲ್ಲ, ಪಾಸ್‌ಪೋರ್ಟ್ ಅಳತೆಯದು. ಗಿರಾಕಿಗಳಿಗೆಂದು ಮೊಳೆಗೆ ನೇತುಹಾಕಿದ ಕೋಟು ತೊಟ್ಟು ತೆಗೆದದ್ದು. ನೇರ ನೋಟ, ಎರಡು ಕಿವಿ, ನಗುವಿನ ಸುಳಿವೂ ಇಲ್ಲ. ಹೆಡ್‌ಮಾಸ್ತರಿಗೆ ಆ ಮುಖ ಬಹಳ ಹಿಡಿಸಿತು.

ಎಲ್ಲ ಸುಸೂತ್ರವಾಗಿತ್ತು, ಭಾಮೈದ ಬಾಯಿ ಬಿಡುವ ತನಕ. ಯಾವುದೋ ಕೆಲಸದ ಮೇಲೆ ಆ ಊರಿಗೆ ಹೋದವನು ಬೀಗರ ಮನೆಯಲ್ಲಿ ಕಾಫಿ ಕುಡಿಯುತ್ತಾ, ನಗಿಸೋಣವೆಂದು ಹಲ್ಲಿನ ಕಥೆ ಹೇಳಿದ. ಹೆಡ್‌ಮಾಸ್ತರು ನಗಲಿಲ್ಲ. ಅದರ ಬದಲು ಫೋನು ಮಾಡಿದರು.

“ಹುಡುಗಿ ಚಿನ್ನದಂಥವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪೆಟ್ಟಿಗೆನ ನೆಟ್ಟಗೆ ಮನೆಗೆ ತರೋಕಾಗದವರು ಅಂದ್ರೆ ನನಗೆ ಸ್ವಲ್ಪ ಯೋಚನೆ ಆಗುತ್ತೆ. ಜವಾಬ್ದಾರಿ ಇಲ್ಲದ ಮನೆತನದ ಜೊತೆ ನನಗೆ ಆಗಿಬರಲ್ಲ. ತಪ್ಪು ತಿಳೀಬೇಡಿ. ನಿಶ್ಚಿತಾರ್ಥದ ಬಟ್ಟೆಬರೆ ತಗೊಂಡು ಬನ್ನಿ, ವಿಮಾನ ನಿಲ್ದಾಣಕ್ಕೆ ನಾನೇ ಬರ್ತೀನಿ. ನಿಮ್ಮ ಪೆಟ್ಟಿಗೆ ಸರಿಯಾಗಿ ಬಂದಿದ್ದು ಕಣ್ಣಾರೆ ನೋಡಿದ ಮೇಲೆ ಮುಂದಿನ ಮಾತು.”

ಮಗಳು ಊಟ ಬಿಟ್ಟಳು. ಹೆಂಡತಿ ತಮ್ಮನ ಜೊತೆ ಮಾತು ಬಿಟ್ಟಳು. ಸ್ಟುಡಿಯೋದವರು ಮಾತ್ರ ಗಂಭೀರವಾಗಿ ಅಂಗಡಿಯ ಬಾಗಿಲು ಹಾಕಿಕೊಂಡು ಯೋಚನೆಗೆ ಕುಳಿತರು. ಪೆಟ್ಟಿಗೆಗೆ ಗುರುತು ಬೇಕು. ಎಂಥ ಗುರುತು?

ಬೀದಿಯವರೆಲ್ಲ ಸಲಹೆ ಕೊಟ್ಟರು. ಎದುರು ಮನೆಯ ವಿಮಾ ಏಜೆಂಟರು ಕೆಂಪು ರಿಬ್ಬನ್ನು ಕಟ್ಟಿ ಎಂದರು. “ಕೆಂಪು ರಿಬ್ಬನ್ನು ಊರೋರೆಲ್ಲ ಕಟ್ತಾರೆ” ಎಂದರು ಸ್ಟುಡಿಯೋದವರು. ಪಕ್ಕದ ಮನೆಯವರು ಹಳದಿ ಬಣ್ಣ ಬಳಿಯಿರಿ ಎಂದರು. “ಹಳದಿ ಪೆಟ್ಟಿಗೆ ಅಂಗಡೀಲೇ ಸಿಗುತ್ತೆ. ಇನ್ನೊಬ್ಬ ಕೊಂಡಿದ್ರೆ?” ಲೋಕದಲ್ಲಿ ಇನ್ನೊಬ್ಬರ ಬಳಿ ಇರಲು ಸಾಧ್ಯವೇ ಇಲ್ಲದ ಗುರುತು ಒಂದು ಇರಲೇಬೇಕು ಎಂದು ತಲೆ ಕೆರೆದುಕೊಳ್ಳುತ್ತಾ ಅವರು ಎದುರಿನ ಕನ್ನಡಿಯತ್ತ ನೋಡಿದರು. ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ ಅದು. ಉತ್ತರ ಅದರೊಳಗಿನಿಂದ ಅವರನ್ನೇ ನೇರ ನೋಡುತ್ತಿತ್ತು. ಎರಡು ಕಿವಿಯೂ ಕಾಣುತ್ತಿದ್ದವು.

ಬೀಗರಿಗೆ ಕಳಿಸಿದ್ದ ಅದೇ ಫೋಟೋವನ್ನು ಪೆಟ್ಟಿಗೆಯ ಮೈಯಗಲಕ್ಕೆ ದೊಡ್ಡದು ಮಾಡಿದರು. ಶಾಲೆಗಳ ಗುರುತಿನ ಚೀಟಿಯ ಕೆಲಸದಲ್ಲಿ ಬಣ್ಣದ ಶಾಯಿ ಮುಗಿದಿದ್ದರಿಂದ ಕಪ್ಪು-ಬಿಳುಪಿನಲ್ಲೇ ಅಚ್ಚು ಹಾಕಿದರು. “ಕಪ್ಪು-ಬಿಳುಪಿಗೆ ಒಂದು ಗಾಂಭೀರ್ಯ ಇರುತ್ತೆ” ಎಂದು ತಮಗೇ ಹೇಳಿಕೊಂಡರು. ಅಂಟಿಸಿದ ಮೇಲೆ ಅಂಚು ಏಳತೊಡಗಿತು. ಬೆಳಕು ಸೋರದಂತೆ ಕಿಟಕಿಗೆ ಹಚ್ಚುವ ಅಗಲವಾದ ಕಪ್ಪು ಟೇಪು ಇತ್ತಲ್ಲ, ಅದನ್ನೇ ನಾಲ್ಕೂ ಬದಿಗೆ ಎಳೆದರು. ದೂರ ನಿಂತು ನೋಡಿದರು. ಅಚ್ಚುಕಟ್ಟಾಗಿತ್ತು.

“ಇದೇನ್ರೀ, ನೋಡಿದ್ರೆ ಒಂಥರಾ ಆಗುತ್ತೆ” ಎಂದಳು ಹೆಂಡತಿ.

“ಒಂಥರಾ ಆಗ್ಲಿ ಅಂತಲೇ ಮಾಡಿರೋದು.”

“ನಿಮ್ಮ ಮುಖ ಒಂದನ್ನೇ ನಂಬ್ಕೊಂಡು ಕೂರೋಕಾಗಲ್ಲ” ಎಂದವಳೇ ಅವಳು ಸ್ಟುಡಿಯೋದಲ್ಲಿ ಜೋಡಿ ಫೋಟೋಗಳ ಹಿನ್ನೆಲೆಗೆ ಬಳಸುತ್ತಿದ್ದ ಪ್ಲಾಸ್ಟಿಕ್ ಹೂವಿನ ಸರವನ್ನು ತಂದು ಪೆಟ್ಟಿಗೆಯ ಹಿಡಿಗೆ ಬಿಗಿದಳು. ಗುರುತಿನ ಮೇಲೊಂದು ಗುರುತು. ಮುಖ ತಪ್ಪಿದರೂ ಹೂವು ತಪ್ಪಬಾರದು.

ಹೊರಡುವ ದಿನ ಟ್ಯಾಕ್ಸಿಯವನು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುವಾಗ ಹೂವಿನ ಸರ ಹಿಡಿಯಿಂದ ಜಾರಿ, ಫೋಟೋದ ಎರಡೂ ಬದಿಗೆ ಸಮನಾಗಿ ಇಳಿಬಿತ್ತು. ಇದನ್ನು ಮನೆಯವರು ಯಾರೂ ಗಮನಿಸಲಿಲ್ಲ. ಟ್ಯಾಕ್ಸಿಯವನು ಗಮನಿಸಿದ. ಒಳಗೆ ಹಾಡುತ್ತಿದ್ದ ರೇಡಿಯೋವನ್ನು ತಟ್ಟನೆ ನಿಲ್ಲಿಸಿ, ಕಾರನ್ನು ಆಮೆಯ ಹಾಗೆ ಓಡಿಸತೊಡಗಿದ.

“ತುಂಬ ಹೋಲಿಕೆ ಸಾರ್” ಎಂದ, ಕನ್ನಡಿಯಲ್ಲಿ ಸ್ಟುಡಿಯೋದವರನ್ನು ನೋಡುತ್ತಾ.

“ಇರ್ಬೇಕಲ್ಲಪ್ಪ. ಕೆಲಸ ಯಾರದು!”

“ದೇವರದು ಸಾರ್” ಎಂದ ಟ್ಯಾಕ್ಸಿಯವನು. “ಅವಳಿ-ಜವಳಿ ಅಂದ್ರೆ ಹಂಗೇ. ಒಬ್ರು ಇದ್ದು ಇನ್ನೊಬ್ರು… ಕಷ್ಟ ಸಾರ್.”

ಅವನ ಮನೆಯಲ್ಲಿ ಅವಳಿ ಮಕ್ಕಳಿರಬೇಕು, ಪಾಪ, ಸಾಕುವುದು ಕಷ್ಟ, ಎಂದುಕೊಂಡ ಸ್ಟುಡಿಯೋದವರು ಅವನ ಬೆನ್ನು ತಟ್ಟಿ, “ಧೈರ್ಯ ತಗೋಪ್ಪ” ಎಂದರು. ಇಂಥ ದುಃಖದಲ್ಲೂ ಪರರಿಗೆ ಧೈರ್ಯ ಹೇಳುವ ದೊಡ್ಡ ಮನುಷ್ಯನನ್ನು ಕಂಡು ಟ್ಯಾಕ್ಸಿಯವನು ಕಣ್ಣೊರೆಸಿಕೊಂಡ.

ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಕೌಂಟರಿನ ಹುಡುಗಿ ಪೆಟ್ಟಿಗೆ ನೋಡಿದವಳೇ ಕುರ್ಚಿಯಿಂದ ಎದ್ದು ನಿಂತಳು. ಕ್ಯೂನಲ್ಲಿ ಹಿಂದಿದ್ದ ಒಬ್ಬ ಅಜ್ಜಿ ಕೈ ಮುಗಿದರು.

“ಒಳಗೆ…” ಹುಡುಗಿ ದನಿ ತಗ್ಗಿಸಿದಳು. “ಒಳಗೆ ಅವರೇ ಇದ್ದಾರಾ ಸಾರ್?”

“ಯಾರು?”

ಅವಳು ಕಣ್ಣಿನಲ್ಲೇ ಫೋಟೋ ತೋರಿಸಿದಳು.

“ಅವರು ಯಾಕಮ್ಮ ಒಳಗಿರ್ತಾರೆ? ಒಳಗಿರೋದು ಬಟ್ಟೆ. ಮಗಳ ನಿಶ್ಚಿತಾರ್ಥದ್ದು.”

“ಅವರ ಮಗಳದ್ದಾ?”

“ಇನ್ಯಾರದು? ನೋಡಿ, ಅಲ್ಲಿ ನಿಂತಿದ್ದಾಳಲ್ಲ.”

ಹುಡುಗಿ ಮಗಳತ್ತ ನೋಡಿದಳು. ಪ್ರಯಾಣದ ಗಡಿಬಿಡಿಗೆ, ಹೆಡ್‌ಮಾಸ್ತರ ಭಯಕ್ಕೆ ಮಗಳ ಮುಖ ಬಾಡಿತ್ತು. ಕೌಂಟರಿನ ಹುಡುಗಿ “ನಿಶ್ಚಿತಾರ್ಥ ನೋಡೋ ಭಾಗ್ಯ ಇರ್ಲಿಲ್ಲ” ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಪಕ್ಕದವಳು ಮೇಲಧಿಕಾರಿಯನ್ನು ಕರೆದಳು. ಟೈ ಕಟ್ಟಿದ ಮೇಲಧಿಕಾರಿ ಬಂದು ಪೆಟ್ಟಿಗೆಗೆ ತಲೆಬಾಗಿ, ಇಬ್ಬರು ಕೆಲಸಗಾರರನ್ನು ಕರೆದು, “ಬೆಲ್ಟಿನ ಮೇಲೆ ಹಾಕ್ಬೇಡಿ. ಕೈಯಲ್ಲೇ ತಗೊಂಡು ಹೋಗಿ, ಮುಖ ಮೇಲಿರಲಿ” ಎಂದ. ಆಮೇಲೆ ಸ್ಟುಡಿಯೋದವರ ಕೈ ಹಿಡಿದು ಕೇಳಿದ: “ಅಲ್ಲಿ ಬರಮಾಡಿಕೊಳ್ಳೋಕೆ ಯಾರು ಬರ್ತಾರೆ ಸಾರ್?”

“ಬೀಗರು. ಹೆಡ್‌ಮಾಸ್ತರು. ಎತ್ತರಕ್ಕಿದ್ದಾರೆ. ನಗಲ್ಲ.”

“ಹೇಗೆ ನಗ್ತಾರೆ ಸಾರ್” ಎಂದ ಮೇಲಧಿಕಾರಿ, ನಿಟ್ಟುಸಿರಿಟ್ಟು. ಆ ಕಡೆಯ ನಿಲ್ದಾಣಕ್ಕೆ ಕೂಡಲೇ ಫೋನು ಹಚ್ಚಿದ.

“ನೋಡಿದೆಯಾ?” ಸ್ಟುಡಿಯೋದವರು ಜೊತೆಗೆ ಹೊರಟಿದ್ದ ಭಾಮೈದನ ಕಡೆ ತಿರುಗಿದರು. “ಕೈಯಲ್ಲೇ ತಗೊಂಡು ಹೋಗ್ತಾರಂತೆ. ಪೆಟ್ಟಿಗೆಗೆ ಒಂದು ವ್ಯಕ್ತಿತ್ವ ಅಂತ ಬಂದ್ರೆ ಜನ ಹೇಗೆ ನಡ್ಕೋತಾರೆ ನೋಡು.”

ಭಾಮೈದನಿಗೆ ಅಕ್ಕನ ಮೌನದ ಶಿಕ್ಷೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅವನು ದೂರದ ಸೀಟಿಗೆ ಹೋಗಿ ಕುಳಿತ.

ವಿಮಾನದಲ್ಲಿ ಸ್ಟುಡಿಯೋದವರ ಕುಟುಂಬಕ್ಕೆ ಕಾಲು ಚಾಚುವಷ್ಟು ಜಾಗವಿರುವ ಮುಂದಿನ ಸೀಟುಗಳೇ ಸಿಕ್ಕವು. ಗಗನಸಖಿ ಕರೆಯದೆಯೇ ಬಂದು ದಿಂಬು ಕೊಟ್ಟಳು. ಪಕ್ಕದ ಸಾಲಿನಲ್ಲಿ, ನಡುವಿನ ದಾರಿಗೆ ಅಂಟಿಕೊಂಡ ಸೀಟಿನಲ್ಲಿ, ಕ್ಯೂನಲ್ಲಿ ಕೈ ಮುಗಿದಿದ್ದ ಅಜ್ಜಿ ಇದ್ದರು. ಅವರು ಕೈ ಚಾಚಿ ಹೆಂಡತಿಯ ಮೊಣಕೈ ಸವರಿದರು.

“ಎಷ್ಟು ವರ್ಷದ ಸಂಸಾರ ತಾಯಿ?”

“ಅಯ್ಯೋ, ಲೆಕ್ಕ ಯಾರು ಇಟ್ಟಿದ್ದಾರೆ ಅಜ್ಜಿ! ಸಾಕಪ್ಪಾ ಸಾಕು ಅನ್ನೋ ಅಷ್ಟು ಆಯ್ತು.”

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. ಆದರೂ ದುಃಖದಲ್ಲಿ ಜನ ಏನೇನೋ ಆಡುತ್ತಾರೆ ಎಂದು ಸಮಾಧಾನ ಮಾಡಿಕೊಂಡು, “ಮುಂದೆ ಹೇಗಮ್ಮಾ?” ಎಂದರು.

“ಮುಂದೇನು? ಮಗಳದೊಂದು ಆಗಿಬಿಟ್ರೆ ನಾವಿಬ್ರೇ” ಎಂದು ಹೆಂಡತಿ ಪಕ್ಕದಲ್ಲಿದ್ದ ಸ್ಟುಡಿಯೋದವರನ್ನು ತೋರಿಸಿದಳು. “ಹಾಯಾಗಿ ಇದ್ದುಬಿಡ್ತೀವಿ.”

ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಬಂತು.

“ಪೆಟ್ಟಿಗೆಯ ಚಿಂತೆ ಇಲ್ದೆ ಇದೇ ಮೊದಲ ಸಲ ಕಣ್ರೀ ನಾನು ವಿಮಾನದಲ್ಲಿ ಕೂತಿರೋದು” ಎಂದು ಗಂಡನಿಗೆ ಹೇಳಿ, ಹೆಂಡತಿ ಆಕಳಿಸಿ, ಅವರ ಭುಜಕ್ಕೆ ತಲೆಯಿಟ್ಟು ಸುಖವಾಗಿ ಗೊರಕೆ ಹೊಡೆಯತೊಡಗಿದಳು. ಅಜ್ಜಿ ಆಚೆ ಪಕ್ಕದವರ ಕಡೆ ತಿರುಗಿದರು. “ಕಾಲ ಕೆಟ್ಟೋಯ್ತು. ಗಂಡ ಹೋಗಿ ಇನ್ನೂ ಹೂವು ಬಾಡಿಲ್ಲ, ಆಗ್ಲೇ ಮೈದುನನ ಭುಜ!” ಹೂವು ಪ್ಲಾಸ್ಟಿಕ್ಕಿನದು, ಅದು ಬಾಡುವ ಪೈಕಿಯಲ್ಲ ಎಂಬುದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಸುದ್ದಿ ಸೀಟಿನಿಂದ ಸೀಟಿಗೆ ದಾಟಿ ವಿಮಾನದ ಬಾಲದವರೆಗೂ ಹೋಯಿತು. ಸ್ಟುಡಿಯೋದವರ ಕುಟುಂಬವನ್ನೂ ನಿದ್ದೆ ಹೋಗಿದ್ದ ಭಾಮೈದನನ್ನೂ ಬಿಟ್ಟು ಉಳಿದೆಲ್ಲರಿಗೂ ತಲುಪಿತು.

ವಿಮಾನ ಇಳಿಯಿತು. ಬೆಲ್ಟಿನ ಸುತ್ತ ಜನ ಮುಗಿಬಿದ್ದರು. ಕಪ್ಪು ಪೆಟ್ಟಿಗೆ ಬಂದಾಗಲೆಲ್ಲ ನಾಲ್ಕು ಕೈ ಮುಂದೆ ಬಂದು ಮೂರು ಕೈ ಹಿಂದೆ ಹೋಗುತ್ತಿದ್ದವು. ಸ್ಟುಡಿಯೋದವರು ಮಾತ್ರ ಕೈಕಟ್ಟಿಕೊಂಡು, ಪರೀಕ್ಷೆ ಬರೆಯುತ್ತಿರುವ ಮಕ್ಕಳ ನಡುವೆ ನಿಂತ ಮೇಷ್ಟ್ರ ಹಾಗೆ ಮುಗುಳ್ನಗುತ್ತಿದ್ದರು. “ನನ್ನ ಮುಖ ನಾನು ಗುರುತಿಸದೇ ಇರ್ತೀನಾ?”

ಮುಖ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು. ಬರಿಯ ಬೆಲ್ಟು ಸುತ್ತಿತು. ಆಮೇಲೆ ಅದೂ ನಿಂತಿತು.

ಮಗಳು ಗೋಡೆಗೆ ಒರಗಿದಳು. “ಅಪ್ಪ, ಹೊರಗೆ ಅವರು ಕಾಯ್ತಿರ್ತಾರೆ. ಪೆಟ್ಟಿಗೆ ಇಲ್ದೆ ಹೋದ್ರೆ ಮುಗೀತು.”

“ಸುಮ್ನಿರು. ಪೆಟ್ಟಿಗೆ ಕಳೀಬಹುದು, ಮುಖ ಎಲ್ಲಿ ಕಳೆಯುತ್ತೆ?” ಎಂದರು. ಆದರೂ ಕಳೆದುಹೋದ ಸಾಮಾನಿನ ಕಿಟಕಿಗೆ ಓಡಿದರು. ಕಿಟಕಿಯಾಚೆಯ ಗುಮಾಸ್ತ ಕೇಳಿದ:

“ಪೆಟ್ಟಿಗೆಗೆ ಏನಾದ್ರೂ ಗುರುತು?”

“ನಾನೇ.”

“ಅಂದ್ರೆ?”

“ನನ್ನ ಮುಖ ನೋಡಿ. ಇದೇ.”

“ಮುಖ ಎಲ್ಲಾ ಪ್ರಯಾಣಿಕರಿಗೂ ಇರುತ್ತೆ ಸಾರ್. ಪೆಟ್ಟಿಗೆ ಹೇಗಿತ್ತು ಹೇಳಿ.”

“ಅದನ್ನೇ ಹೇಳ್ತಿರೋದು! ಹೀಗೇ ಇತ್ತು! ಕೋಟು ಹಾಕಿತ್ತು!”

ಗುಮಾಸ್ತ ಕಾವಲುಗಾರನನ್ನು ಕರೆಯಲು ಕೈ ಎತ್ತಿದವನು, ಮುಖವನ್ನು ಇನ್ನೊಮ್ಮೆ ನೋಡಿ ಕೈ ಇಳಿಸಿದ. ಎದ್ದು ನಿಂತ. “ಕ್ಷಮಿಸಿ ಸಾರ್. ಗೊತ್ತಾಗ್ಲಿಲ್ಲ. ಅವರನ್ನ ಪಕ್ಕದ ಬಾಗಿಲಿಂದ ಆಗ್ಲೇ ಗೌರವವಾಗಿ ಹೊರಗೆ ಕಳಿಸಿಕೊಟ್ವಿ. ಎತ್ತರದವರು, ನಗದೇ ಇರೋರು, ಅವರ ಕೈಗೇ ಒಪ್ಪಿಸಿದ್ದೀವಿ.”

ಸ್ಟುಡಿಯೋದವರ ಎದೆಯಿಂದ ಬಂಡೆ ಇಳಿಯಿತು. ಪೆಟ್ಟಿಗೆ ನೇರ ಬೀಗರ ಕೈ ಸೇರಿದೆ! ಇದಕ್ಕಿಂತ ಜವಾಬ್ದಾರಿ ಇನ್ನೇನಿದೆ? ಕುತ್ತಿಗೆಯಲ್ಲಿ ನಿಶ್ಚಿತಾರ್ಥಕ್ಕೆಂದು ತಂದ ಕ್ಯಾಮೆರಾ ಸರಿಪಡಿಸಿಕೊಂಡು, ಹೆಂಡತಿಯ ಕೈ ಹಿಡಿದು, ಅವರು ಹೊರಬಾಗಿಲಿನ ಕಡೆ ಹೆಜ್ಜೆ ಹಾಕಿದರು.

ಹೊರಗೆ ಏನಾಗಿತ್ತೆಂದರೆ, ಹೆಡ್‌ಮಾಸ್ತರು ಹೆಂಡತಿ ಮಗನೊಂದಿಗೆ ಬಹಳ ಮುಂಚೆಯೇ ಬಂದು ನಿಂತಿದ್ದರು. ಬೀಗರಿಗಾಗಿ ಒಂದು ಸ್ವಾಗತ ಭಾಷಣವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಪೆಟ್ಟಿಗೆ ಸರಿಯಾಗಿ ಬಂದರೆ ಆಡುವುದೆಂದೂ, ಬಾರದಿದ್ದರೆ ನುಂಗಿಕೊಳ್ಳುವುದೆಂದೂ ಯೋಚನೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಇಬ್ಬರು ಕೆಲಸಗಾರರು ತಲೆ ತಗ್ಗಿಸಿಕೊಂಡು ತಳ್ಳುಗಾಡಿ ತಂದರು. ಗಾಡಿಯ ಮೇಲೆ ಕಪ್ಪು ಅಂಚು, ಹೂವಿನ ಸರ, ನಡುವೆ ತಮಗೆ ಚೆನ್ನಾಗಿ ಪರಿಚಯವಿದ್ದ, ನಗದ ಮುಖ.

ಹುಡುಗ ಕೂಡಲೇ ಹುಡುಗಿಗೆ ಫೋನು ಮಾಡಿದ. ಅವಳು ಬೆಲ್ಟಿನ ಗಾಬರಿಯಲ್ಲಿ ವಿಮಾನದಲ್ಲಿ ಆರಿಸಿದ್ದ ಫೋನನ್ನು ಇನ್ನೂ ಆನ್ ಮಾಡಿರಲಿಲ್ಲ. “ಅವರಿಗೆ ಮಾಡಿ ನೋಡ್ಲಾ?” ಎಂದು ಮಾವನ ನಂಬರು ತೆಗೆದ. “ಸತ್ತೋರಿಗೆ ಫೋನ್ ಮಾಡ್ತೀಯೇನೋ, ಶಿಸ್ತು ಬೇಡ್ವಾ?” ಎಂದು ಹೆಡ್‌ಮಾಸ್ತರು ಗದರಿದರು. ಅಜ್ಜಿ ಅಷ್ಟು ಹೊತ್ತಿಗೆ ಹೊರಗೆ ಬಂದಿದ್ದರು. ಹೆಡ್‌ಮಾಸ್ತರ ಹೆಂಡತಿಯ ಕಿವಿಯಲ್ಲಿ ಉಳಿದ ಸುದ್ದಿಯನ್ನೂ ಊದಿದರು. ಟ್ಯಾಕ್ಸಿಯವರು, ಹೆಸರಿನ ಫಲಕ ಹಿಡಿದು ನಿಂತವರು, ಯಾರನ್ನೋ ಬೀಳ್ಕೊಡಲು ಬಂದವರು ಎಲ್ಲ ಸುತ್ತ ನೆರೆದರು. ಕೆಲವರು ಟೋಪಿ ತೆಗೆದರು. ಇಷ್ಟು ಜನ ಮೌನವಾಗಿ ನಿಂತಿದ್ದಾರೆ. ಹೆಡ್‌ಮಾಸ್ತರ ಬಾಯಲ್ಲಿ ಒಂದು ಭಾಷಣ ತಯಾರಾಗಿದೆ. ಬದುಕಿಡೀ ಪ್ರಾರ್ಥನೆಯ ವೇಳೆ ಮಕ್ಕಳ ಸಾಲಿನೆದುರು ಮಾತಾಡಿದ ಮನುಷ್ಯ ಏನು ಮಾಡಬೇಕು? ಅಲ್ಲಲ್ಲಿ ಒಂದೊಂದು ಪದ ಬದಲಿಸಿ ಶುರುಮಾಡಿಬಿಟ್ಟರು.

ಸ್ಟುಡಿಯೋದವರು ಹೊರಬಂದು ಗುಂಪಿನ ಹಿಂದೆ ನಿಂತಾಗ ಭಾಷಣ ರಂಗೇರಿತ್ತು.

“…ಇಂದು ನಮ್ಮ ಪಾಲಿಗೆ ಸಂತೋಷದ… ದುಃಖದ ದಿನ. ಇಂಥ ಬೀಗರು ಸಿಕ್ಕಿದ್ದು… ಸಿಗದೇ ಹೋದದ್ದು ನಮ್ಮ ದೌರ್ಭಾಗ್ಯ. ಈ ಮುಖವನ್ನು ನೋಡಿ! ಎಂಥ ಗಾಂಭೀರ್ಯ! ಎಂಥ ಶಿಸ್ತು! ಕೆಲವರು ಇವರ ಬಗ್ಗೆ ಹಗುರವಾಗಿ ಮಾತಾಡಿದರು. ನಾನೂ ಒಮ್ಮೆ ಸಂಶಯಪಟ್ಟೆ. ಈಗ ಎಲ್ಲರೆದುರು ಹೇಳುತ್ತೇನೆ: ತಾನು ಬರಲಾಗದಿದ್ದರೂ ಮಗಳ ಬಟ್ಟೆಯ ಪೆಟ್ಟಿಗೆಯನ್ನು ನೇರ ನನ್ನ ಕೈಗೆ ತಲುಪಿಸಿದ ಇವರಿಗಿಂತ ಜವಾಬ್ದಾರಿಯುತ ತಂದೆಯನ್ನು ನಾನು ಕಂಡಿಲ್ಲ!”

ಯಾರೋ ಬಿಕ್ಕಿದರು. ಸ್ಟುಡಿಯೋದವರ ಕಣ್ಣೂ ತುಂಬಿತು. ಯಾರ ಬಗ್ಗೆ ಎಂದು ಗೊತ್ತಾಗಿರಲಿಲ್ಲ, ಆದರೆ ಮಾತು ಮನಸ್ಸಿಗೆ ನಾಟಿತ್ತು. ಹಿಮ್ಮಡಿ ಎತ್ತಿ, ತಲೆಗಳ ನಡುವಿನಿಂದ ಇಣುಕಿದರು. ತಳ್ಳುಗಾಡಿಯ ಮೇಲೆ ತಮ್ಮ ಪೆಟ್ಟಿಗೆ. ಅಂದರೆ ಇದೆಲ್ಲ ತಮ್ಮ ಬಗ್ಗೆಯೇ! ಹುಟ್ಟಿದಾರಭ್ಯ ಯಾರೂ ಅವರನ್ನು ಹೀಗೆ ಹೊಗಳಿರಲಿಲ್ಲ. ಸ್ವಾಗತ ಎಂದರೆ ಇದು. ನಡುವೆ ಬಾಯಿ ಹಾಕುವುದು ಅಸಭ್ಯತೆ ಎಂದು ಸುಮ್ಮನೆ ನಿಂತು ಕೇಳಿದರು. ಒಂದೇ ಒಂದು ಕೊರತೆ: ಗಾಡಿಯ ಮೇಲೆ ಪೆಟ್ಟಿಗೆ ಓರೆಯಾಗಿ ನಿಂತಿತ್ತು, ಫೋಟೋ ಒಂದು ಕಡೆ ವಾಲಿತ್ತು. ಕಸುಬಿನವರಿಗೆ ಅದನ್ನು ನೋಡಿಕೊಂಡು ನಿಲ್ಲಲು ಸಾಧ್ಯವೇ? ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, “ಹ್ಞಾಂ, ಈಗ ಮುಂದುವರಿಸಿ ಬೀಗರೇ” ಎಂದರು.

ಹೆಡ್‌ಮಾಸ್ತರು ಮುಂದುವರಿಸಲಿಲ್ಲ. ಪೆಟ್ಟಿಗೆ ನೋಡಿದರು, ಇವರನ್ನು ನೋಡಿದರು.

“ಅವನೇ ತಮ್ಮ!” ಅಜ್ಜಿ ಕೂಗಿದರು. “ಅವಳಿ ತಮ್ಮ! ಅಗೋ, ಹಿಂದೆ ಬರ್ತಿದ್ದಾಳಲ್ಲ, ಅವಳೇ ಗಂಡ ಹೋದವಳು!”

ಹೆಂಡತಿ ಮಗಳ ಜೊತೆ ಗುಂಪಿನೊಳಗೆ ನುಗ್ಗಿ ಬರುತ್ತಿದ್ದಳು. ಮಗಳು ಪೆಟ್ಟಿಗೆ ಕಂಡದ್ದೇ ಸಂತೋಷ ತಡೆಯಲಾರದೆ “ಅಪ್ಪಾ! ಸಿಕ್ತು!” ಎಂದು ಓಡಿಬಂದು ಸ್ಟುಡಿಯೋದವರನ್ನು ತಬ್ಬಿಕೊಂಡಳು.

“ಆಗ್ಲೇ ಅಪ್ಪ ಅಂತಾಳೆ” ಎಂದು ಹೆಡ್‌ಮಾಸ್ತರ ಹೆಂಡತಿ ಎದೆ ಹಿಡಿದುಕೊಂಡರು.

“ನಾಚಿಕೆ ಆಗ್ಬೇಕು” ಎಂದು ಹೆಡ್‌ಮಾಸ್ತರು ಗುಡುಗಿದರು. “ಅಣ್ಣನ ಫೋಟೋ ಎದುರೇ!”

“ಯಾರ ಅಣ್ಣ?” ಸ್ಟುಡಿಯೋದವರು ಹಿಂತಿರುಗಿ ನೋಡಿದರು. “ಇದು ನಾನು.”

“ನೀವು ಅಂತ ಏನು ಸಾಕ್ಷಿ?”

ಸ್ಟುಡಿಯೋದವರು ಜೇಬಿನಿಂದ ಗುರುತಿನ ಚೀಟಿ ತೆಗೆದು ಕೊಟ್ಟರು. ಅದರ ಮೇಲೂ ಅದೇ ಫೋಟೋ. ಹೆಡ್‌ಮಾಸ್ತರು ಚೀಟಿಯನ್ನು ಪೆಟ್ಟಿಗೆಯ ಪಕ್ಕ ಹಿಡಿದು ಹೋಲಿಸಿ, ಇನ್ನಷ್ಟು ಕೆಂಪಾದರು. “ಸತ್ತವರ ಚೀಟಿ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದೀರಾ? ಏನ್ ಧೈರ್ಯ ನಿಮಗೆ!”

‘ಸತ್ತವರು’ ಎಂಬ ಮಾತು ಕೇಳಿ ಸ್ಟುಡಿಯೋದವರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ತಾವು ಬದುಕಿದ್ದೇವೆ ಎಂದು ಸಾಧಿಸುವ ಪ್ರಸಂಗ ಅವರಿಗೆ ಹಿಂದೆಂದೂ ಬಂದಿರಲಿಲ್ಲ. “ನಾನು… ಉಸಿರಾಡ್ತಿದ್ದೀನಿ” ಎಂದರು, ಕ್ಷೀಣವಾಗಿ.

“ತಮ್ಮಂದಿರೂ ಉಸಿರಾಡ್ತಾರೆ” ಎಂದರು ಅಜ್ಜಿ.

ಹೆಂಡತಿ ಒಮ್ಮೆ ಹೂವಿನ ಸರ ನೋಡಿದಳು, ಕಪ್ಪು ಅಂಚು ನೋಡಿದಳು, ಟೋಪಿ ತೆಗೆದ ಟ್ಯಾಕ್ಸಿಯವರನ್ನು ನೋಡಿದಳು. ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಸೊಂಟಕ್ಕೆ ಕೈಯಿಟ್ಟು ಗಂಡನ ಕಡೆ ತಿರುಗಿದಳು.

“ಒಂಥರಾ ಇದೆ ಅಂತ ಬಡ್ಕೊಂಡೆ, ಕೇಳಿದ್ರಾ? ರಿಬ್ಬನ್ ಕಟ್ರೀ ಅಂದ್ರೆ ಮರ್ಯಾದೆಗೆ ಕಮ್ಮಿ! ಹೋದ್ಸಲ ಹಲ್ಲು ತಂದ್ರಿ, ಈ ಸಲ ಹೆಣ ಆಗಿ ಬಂದ್ರಿ! ಬಣ್ಣದ ಶಾಯಿ ತರೋಕೆ ಹೇಳಿ ತಿಂಗಳಾಯ್ತು, ತಂದ್ರಾ? ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ಹೇಳಿ ವರ್ಷ ಆಯ್ತು, ಮಾಡಿಸಿದ್ರಾ? ಟೇಪು ಅಲ್ಲಿ ಸುತ್ತೋದು ಬಿಟ್ಟು ನಿಮ್ಮ ಮುಖದ ಸುತ್ತ ಸುತ್ತಿದ್ದೀರಲ್ಲ! ಬದುಕಿರೋ ಗಂಡಸು ಯಾವನಾದ್ರೂ ಮಾಡೋ ಕೆಲಸನಾ ಇದು? ಅಂಗಿ ಗುಂಡಿ ನೋಡ್ಕೊಳ್ಳಿ, ಮೇಲಿಂದು ಕೆಳಗೆ ಹಾಕಿದ್ದೀರ, ಇದೊಂದು ಬಾಕಿ ಇತ್ತು!”

ಸ್ಟುಡಿಯೋದವರು ತಲೆ ತಗ್ಗಿಸಿ ಗುಂಡಿ ಸರಿಪಡಿಸಿಕೊಂಡರು.

ಹೆಡ್‌ಮಾಸ್ತರ ಹೆಂಡತಿ ಇಷ್ಟನ್ನೂ ಬಹಳ ಗಮನವಿಟ್ಟು ಕೇಳುತ್ತಿದ್ದರು. ಈಗ ಅವರ ಮುಖ ಸಡಿಲಾಯಿತು. ಗಂಡನ ತೋಳು ಹಿಡಿದು ಎಳೆದರು. “ಬಿಡಿ. ಇವರು ಗಂಡನೇ.”

“ನಿನಗೆ ಹೇಗೆ ಗೊತ್ತು?”

“ಮೈದುನನ್ನ ಯಾರೂ ಹೀಗೆ ಬೈಯಲ್ಲ. ನಲ್ಲಿ ವಿಷಯ ಮೈದುನನ ಹತ್ರ ಯಾರು ಎತ್ತುತ್ತಾರೆ? ನೋಡಿ, ಗುಂಡಿ ಹಾಕ್ಕೊಂಡ್ರು ಕೂಡ.”

ಗುಂಪಿನಲ್ಲಿದ್ದ ಸಂಸಾರಸ್ಥರೆಲ್ಲ ತಲೆದೂಗಿದರು. ಟೋಪಿ ತೆಗೆದವರು ಟೋಪಿ ಹಾಕಿಕೊಂಡರು. ಅಜ್ಜಿ ಕೂಡ, “ಗಂಡನೇ ಇರ್ಬೇಕು, ಪಾಪ” ಎಂದು ರಾಜಿಯಾದರು. ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಹೊರಬಂದ ಭಾಮೈದ ಪೆಟ್ಟಿಗೆಯ ಸುತ್ತ ನೆರೆದ ಜನಸಾಗರವನ್ನು ನೋಡಿ, “ಹಲ್ಲು ಭಾವ, ಈ ಸಲ ಏನು ಸಿಕ್ತು?” ಎಂದ.

ಹೆಡ್‌ಮಾಸ್ತರು ಗಂಟಲು ಸರಿಪಡಿಸಿಕೊಂಡರು. ಮಗಳ ಕೈ ಅಪ್ಪನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. “ಇಷ್ಟು ಜನರ ಮುಂದೆ ನನ್ನನ್ನ ಹಾಸ್ಯಾಸ್ಪದ ಮಾಡಿದ್ದೀರಿ. ಬದುಕಿರೋರಿಗೆ ನನ್ನ ಕೈಯಲ್ಲಿ ಶ್ರದ್ಧಾಂಜಲಿ ಹೇಳಿಸಿದ್ದೀರಿ. ಇಂಥ ಮನೆತನದ ಜೊತೆ…”

“ಅಪ್ಪ” ಎಂದ ಹುಡುಗ. “ಇವರಿಗಿಂತ ಜವಾಬ್ದಾರಿಯುತ ತಂದೆಯನ್ನ ನೀವು ಕಂಡಿಲ್ಲ.”

“ಯಾರು ಹೇಳಿದ್ದು?”

“ನೀವು. ಈಗ. ಎಲ್ಲರೆದುರು.”

“ಅದು ಸತ್ತವರ ಬಗ್ಗೆ ಹೇಳಿದ ಮಾತು!”

“ಸತ್ತವರ ಬಗ್ಗೆ ಸುಳ್ಳು ಹೇಳಿದ್ರಾ?”

ಟ್ಯಾಕ್ಸಿಯವರು ಹೆಡ್‌ಮಾಸ್ತರತ್ತ ನೋಡಿದರು. ಫಲಕ ಹಿಡಿದವರು ಹೆಡ್‌ಮಾಸ್ತರತ್ತ ನೋಡಿದರು. ಆಡಿದ ಮಾತಿಗೆ ತಪ್ಪಿದ ಮಕ್ಕಳನ್ನು ವರ್ಷಗಟ್ಟಲೆ ಬೆಂಚಿನ ಮೇಲೆ ನಿಲ್ಲಿಸಿದವರು ಅವರು. ದಾರಿಯೇ ಉಳಿ‌ದಿರಲಿಲ್ಲ.

“ಪೆಟ್ಟಿಗೆ,” ಎಂದರು ಕೊನೆಗೆ, ಒಂದೊಂದೇ ಅಕ್ಷರ ಬಿಡಿಸಿ, “ಸರಿಯಾಗಿಯೇ ಬಂದಿದೆ. ಅದನ್ನ ನಾನು ಒಪ್ಪಲೇಬೇಕು. ನಾಳೆ ನಿಶ್ಚಿತಾರ್ಥ.”

ಗುಂಪು ಚಪ್ಪಾಳೆ ಹೊಡೆಯಿತು. ಪೆಟ್ಟಿಗೆಯನ್ನು ಹೆಡ್‌ಮಾಸ್ತರ ಕಾರಿನ ನೆತ್ತಿಗೆ, ಮುಖ ಮುಂದಾಗಿ, ಹಗ್ಗದಿಂದ ಬಿಗಿದರು; ಹಿಂದಿನ ಡಿಕ್ಕಿಯಲ್ಲಿ ಜಾಗವಿರಲಿಲ್ಲ. ದಾರಿಯುದ್ದಕ್ಕೂ ವಾಹನಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟವು. ಚೌಕದಲ್ಲಿ ಪೊಲೀಸಿನವನು ಎಲ್ಲ ದಿಕ್ಕಿನ ಸಂಚಾರ ತಡೆದು ಸೆಲ್ಯೂಟ್ ಹೊಡೆದ. ಊರಿನವರ ಸೌಜನ್ಯಕ್ಕೆ ಮಾರುಹೋದ ಸ್ಟುಡಿಯೋದವರು ಕಿಟಕಿಯಿಂದ ತಲೆ ಹೊರಹಾಕಿ ಎಲ್ಲರಿಗೂ ಕೈಬೀಸಿದರು. ಸೈಕಲ್ಲಿನವನೊಬ್ಬ ನೆತ್ತಿಯ ಮೇಲಿನ ಮುಖ ನೋಡಿ, ಕಿಟಕಿಯ ಮುಖ ನೋಡಿ, ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದ.

“ಊರು ಚೆನ್ನಾಗಿದೆ ಬೀಗರೇ” ಎಂದರು ಸ್ಟುಡಿಯೋದವರು.

“ತಲೆ ಒಳಗೆ ಹಾಕಿ ದಿವಂಗತ ಭಾವ” ಎಂದ ಭಾಮೈದ. ಹೆಸರು ಅಲ್ಲೇ ಬದಲಾಯಿತು. ಹಲ್ಲಿಗಿಂತ ಇದೇ ವಾಸಿ, ಕೇಳಲು ತೂಕವಾಗಿದೆ, ಎಂದು ಸ್ಟುಡಿಯೋದವರಿಗೂ ಅನ್ನಿಸಿತು.

ನಿಶ್ಚಿತಾರ್ಥ ಸಾಂಗವಾಗಿ ಮುಗಿಯಿತು. ಮಗಳ ಉಡುಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಆ ಪೆಟ್ಟಿಗೆಯನ್ನು ಯಾರೂ ಎಲ್ಲೂ ಎಸೆದಿರಲಿಲ್ಲವಲ್ಲ. ಊಟವಾದ ಮೇಲೆ ಹೆಡ್‌ಮಾಸ್ತರು ಸ್ಟುಡಿಯೋದವರನ್ನು ಹಿಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು.

“ಬೆಲ್ಟಿನ ಮೇಲೆ ಹಾಕ್ಲೇ ಇಲ್ವಾ?”

“ಕೈಯಲ್ಲೇ ಎತ್ತಿಕೊಂಡು ಹೋದ್ರು.”

“ಮುಂದಿನ ಸೀಟು?”

“ಕಾಲು ಚಾಚಿಕೊಂಡು ಬಂದ್ವಿ. ದಿಂಬೂ ಕೊಟ್ರು.”

ಹೆಡ್‌ಮಾಸ್ತರು ಮೊಣಕಾಲು ನೀವಿಕೊಂಡರು. “ಮುಂದಿನ ತಿಂಗಳು ನಾನೂ ವಿಮಾನದಲ್ಲಿ ಹೋಗೋದಿದೆ. ನನ್ನ ಪೆಟ್ಟಿಗೆನೂ ಕಪ್ಪು” ಎಂದರು. “ಮೊಣಕಾಲು ಬೇರೆ ನೋವು.”

ಸ್ಟುಡಿಯೋದವರು ಕೂಡಲೇ ಕ್ಯಾಮೆರಾ ಎತ್ತಿದರು. ಬೀಗರನ್ನು ಬಿಳಿಗೋಡೆಗೆ ನಿಲ್ಲಿಸಿ, ಗಲ್ಲ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು. “ನೇರ ನೋಡಿ. ಕಿವಿ ಕಾಣ್ಬೇಕು. ನಗಬಾರದು.”

ಹೆಡ್‌ಮಾಸ್ತರು ನೇರ ನೋಡಿದರು. ಕಿವಿಗಳೆರಡೂ ಕಂಡವು. ಆಮೇಲೆ ಅವರ ಮೀಸೆಯ ಒಂದು ತುದಿ ಅದುರಿತು. ಕೆನ್ನೆ ಅದುರಿತು. ಹೊಟ್ಟೆ ಅದುರಿತು. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು. ಆ ನಗೆಯ ಅಬ್ಬರಕ್ಕೆ ಮನೆಮಂದಿ, ನೆಂಟರಿಷ್ಟರು ಎಲ್ಲ ಗಾಬರಿಯಿಂದ ಬಾಗಿಲಿಗೆ ಓಡಿಬಂದರು.

ಸ್ಟುಡಿಯೋದವರು ಕ್ಯಾಮೆರಾ ಕೆಳಗಿಳಿಸಿದರು.

“ಹೀಗಾದ್ರೆ ಆಗಲ್ಲ ಬೀಗರೇ” ಎಂದರು, ಗಂಭೀರವಾಗಿ. “ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿರಿ. ನಗು ಇಳಿದ ಮೇಲೆ ಒಳಗೆ ಬನ್ನಿ.”

ಹೆಡ್‌ಮಾಸ್ತರು ಹೋಗಿ ಬೆಂಚಿನ ಮೇಲೆ ಕುಳಿತರು. ಬೀಗರನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಟ್ಯಾಕ್ಸಿ ಬಂದು ನಿಂತು, ಅದರ ಚಾಲಕ ಪೆಟ್ಟಿಗೆ ನೋಡಿ ರೇಡಿಯೋ ನಿಲ್ಲಿಸುವವರೆಗೂ ಅವರಿಗೆ ಒಳಗೆ ಬರಲಾಗಲೇ ಇಲ್ಲ.